ಮಿರ್ಚಿ ಭಜಿಯ ಮೇಲೆ ನಿಂತ ಸೈಕಲ್ ಸಂಘ

ಮಲ್ಕಾಜ್‌ಗಿರಿಯ ಮನೆಯಿಂದ ಕುಷಾಯಿಗೂಡದ ಕೆಲಸಕ್ಕೆ ನಾನು ಸೈಕಲ್ ಮೇಲೆಯೇ ಹೋಗುತ್ತಿದ್ದೆ. ಒಂದು ಬೆಳಿಗ್ಗೆ ಲಾರಿಯೊಂದು ಮೈಗೆ ಸವರಿದಂತೆ ಹೋಯಿತು. ನಾನು ಗಾಬರಿಯಲ್ಲಿ ಚರಂಡಿ ಪಕ್ಕ ಬಿದ್ದೆ. ಮೊಣಕೈ ತರಚಿತ್ತು, ಅಷ್ಟೆ. ಆದರೆ ಹೆಂಡತಿ ಸೈಕಲ್ಲಿಗೆ ಬೀಗ ಹಾಕಿ ಕೀಲಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

"ಜೋಡಿಗೆ ಯಾರರ ಇದ್ರ ಹೋಗ್ರಿ. ಒಬ್ಬರ ಹೋಗೂದು ಬ್ಯಾಡ."

ಬಸ್ಸಿನಲ್ಲಿ ಜೋತಾಡುವುದೆಂದರೆ ನನಗೆ ಮೈಯುರಿ. ಅದಕ್ಕಿಂತ ನಾಲ್ಕು ಜನರನ್ನು ಸೈಕಲ್ ಹತ್ತಿಸುವುದೇ ವಾಸಿ ಎನ್ನಿಸಿತು. ನಮ್ಮಂತೆ ತೆಲುಗು ನಾಡಿಗೆ ಬಂದು ಸುತ್ತಮುತ್ತ ನೆಲೆಸಿದ ಕಲಬುರಗಿ, ರಾಯಚೂರು ಕಡೆಯವರಿಗೆಲ್ಲ ಹೇಳಿಕಳಿಸಿದೆ: ಭಾನುವಾರ ನಮ್ಮ ಮನೆಯಲ್ಲಿ ಸೈಕಲ್ ಸಂಘದ ಸಭೆ, ರಸ್ತೆಯಲ್ಲಿ ಸೈಕಲ್ಲಿಗೂ ಜಾಗ ಕೇಳೋಣ, ಮಂಡಕ್ಕಿ ಸೂಸಲ ಮತ್ತು ಮಿರ್ಚಿ ಭಜಿ ಉಂಟು.

ಬಹಳ ಜನ ಬಂದರು. ಬಂದವರೆಲ್ಲ ಸ್ಕೂಟರ್, ಮೋಟಾರ್‌ಬೈಕ್ ಮೇಲೆ! ಓಣಿಯಲ್ಲಿ ಹಾಲಿನವನಿಗೂ ದಾರಿ ಉಳಿಯಲಿಲ್ಲ. ಒಳಗೆ ಪರಿಸರ, ಆರೋಗ್ಯ ಎಂದು ಭಾಷಣ ಜೋರಾಗಿತ್ತು. ಭಜಿ ಕರಿಯುತ್ತಿದ್ದ ಹೆಂಡತಿ ಝಾರಾ ಹಿಡಿದೇ ಬಾಗಿಲಿಗೆ ಬಂದು ಓಣಿ ನೋಡಿದಳು.

"ಸೈಕಲ್ ಸಂಘದಾಗ ಸೈಕಲ್ಲ ಇಲ್ಲಲ್ರೀ! ಮುಂದಿನ ವಾರ ಸೈಕಲ್ ಮ್ಯಾಲೆ ಬಂದವ್ರಿಗಷ್ಟ ಮಿರ್ಚಿ. ಉಳದವ್ರಿಗೆ ಬರೇ ಚಾ."

ನಮ್ಮ ಕಡೆಯವರು ಸರ್ಕಾರಕ್ಕೆ ಹೆದರಲಿಕ್ಕಿಲ್ಲ, ಮಿರ್ಚಿ ತಪ್ಪಿದರೆ ತಡೆಯಲಾರರು. ಮುಂದಿನ ಭಾನುವಾರ ನಿವೃತ್ತ ರೈಲ್ವೆ ಗಾರ್ಡ್ ಒಬ್ಬರು ಮೊಮ್ಮಗಳ ಗುಲಾಬಿ ಸೈಕಲ್ ಮೇಲೆ, ಮೊಣಕಾಲು ಗದ್ದಕ್ಕೆ ತಾಗಿಸಿಕೊಂಡು ಬಂದರು. ಪಕ್ಕದ ಬೀದಿಯ ಬಟ್ಟೆ ವ್ಯಾಪಾರಿಯ ಸೈಕಲ್ಲಿಗೆ ಗಾಳಿಯೇ ಇರಲಿಲ್ಲ.

"ತಳ್ಳಿಕೊಂಡ್ ಬಂದ್ರ ನಡೀತೈತೇನ್ರಿ ವೈನಿ?"

"ನಡೀತೈತ್ರಿ. ಅರ್ಧಾ ಮಿರ್ಚಿ."

ತಿಂದವರೆಲ್ಲ ಮರುದಿನ ಸೈಕಲ್ ಮೇಲೆಯೇ, ಕೀಲಿಯಿಲ್ಲದ ನಾನು ಬಸ್ಸಿನಲ್ಲಿ, ಪಾಲಿಕೆಯ ಕಚೇರಿಗೆ ಹೋಗಿ, ರಸ್ತೆಯಂಚಿಗೆ ಸೈಕಲ್ಲಿಗೆಂದು ಒಂದು ಬಿಳಿ ಗೆರೆ ಎಳೆಸಿರೆಂದು ಕೇಳಿದೆವು. ಸಾಹೇಬರು "ಚೂದ್ದಾಂ, ಚೂದ್ದಾಂ" ಎಂದರು. ನೋಡೋಣ ಎಂದರೆ ಏನೆಂದು ಯಾವ ಭಾಷೆಯವರಿಗೂ ಬಿಡಿಸಿ ಹೇಳಬೇಕಿಲ್ಲ. ಗೆರೆ ಇನ್ನೂ ಬಿದ್ದಿಲ್ಲ. ನಾವೂ ಕೇಳುವುದನ್ನು ಬಿಟ್ಟಿಲ್ಲ. ಆದರೆ ಆ ವಾರದಿಂದ ಗಾರ್ಡ್ ಸಾಹೇಬರೂ ವ್ಯಾಪಾರಿಯೂ ಬೆಳಿಗ್ಗೆ ನನ್ನ ಜೋಡಿಗೆಂದು ನಮ್ಮ ಗೇಟಿನ ಮುಂದೆ ಗಂಟೆ ಬಾರಿಸತೊಡಗಿದರು. ಹೆಂಡತಿ ಸೆರಗಿನ ಗಂಟು ಬಿಚ್ಚಿದಳು.

ಕೆಲಸಕ್ಕೆ ಮುಟ್ಟಿದ ಕೂಡಲೇ ಫೋನ್ ಮಾಡಬೇಕೆಂಬುದು ಅವಳ ಕಾನೂನು. ಮೊದಮೊದಲು ಒಂದೇ ರಿಂಗಿಗೆ ಎತ್ತುತ್ತಿದ್ದಳು. ಮಳೆಗಾಲ ಮುಗಿಯುವ ಹೊತ್ತಿಗೆ, ಒಂದು ದಿನ ಎಷ್ಟು ಸಲ ಮಾಡಿದರೂ ಎತ್ತಲಿಲ್ಲ. ಕೊನೆಗೆ ದನಿ ಬಂತು:

"ಏನಾತ್ರಿ?"

"ಮುಟ್ಟೀನಿ ಅಂತ ಹೇಳಾಕ."

"ಅಯ್ಯ, ಅಷ್ಟನ? ಹಿಟ್ಟು ನಾದಾಕತ್ತೀನ್ರಿ, ಇಡ್ರಿ ಫೋನು."

ಕಟ್ಟಿಕೊಂಡವಳು ನನ್ನನ್ನು ಮರೆತಳೆಂದು ಖುಷಿಪಟ್ಟದ್ದು ಅದೇ ಮೊದಲು.