ಖಾಲಿ ಶೀಟು ಹಿಸುಕುವ ಹೆಬ್ಬೆರಳು

ಕಾಂಪೌಂಡರಪ್ಪನವರ ಬಲಗೈ ಹೆಬ್ಬೆರಳಿನ ಉಗುರು ಟಿಂಚರ್ ತಾಗಿ ತಾಗಿ ಹಳದಿಗಟ್ಟಿತ್ತು. ಗಿರಾಕಿ ತಂದ ಖಾಲಿ ಮಾತ್ರೆ ಶೀಟಿನ ಒಂದೊಂದೇ ಗೂಡನ್ನು ಆ ಹೆಬ್ಬೆರಳಿನಿಂದ, ನೆನೆಸಿದ ಅವರೆಕಾಳು ಹಿಸುಕುವ ಹಾಗೆ, ಒತ್ತಿ ನೋಡುತ್ತಿದ್ದರು. ಎಣಿಸುವುದು ತಮಿಳಿನಲ್ಲಿ, ಬೈಯುವುದು ತೆಲುಗಿನಲ್ಲಿ, ಸಮಾಧಾನ ಹೇಳುವುದು ಕನ್ನಡದಲ್ಲಿ. ಒಂದು ಮಾತ್ರೆ ಉಳಿದಿದ್ದರೂ, "ಯಾವತ್ತು ಬಿಟ್ಟೆ? ಯಾಕ್ ಬಿಟ್ಟೆ?" ಎಂದು ವಿಚಾರಣೆ ಮುಗಿಸದೆ ಹೊಸ ಶೀಟು ಕೊಡುತ್ತಿರಲಿಲ್ಲ.

ಬಂಗಾರಪೇಟೆಯಲ್ಲಿ ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ ಅವರ ಔಷಧಿ ಅಂಗಡಿ, ಎದುರಿಗೆ ನನ್ನದು. ಅವರು ಕೆ.ಜಿ.ಎಫ್. ಕಡೆ ಆಸ್ಪತ್ರೆಯೊಂದರಲ್ಲಿ ಕಾಂಪೌಂಡರ್ ಆಗಿದ್ದು ನಿವೃತ್ತರಾಗಿ ಬಂದವರು. ನಾನು ಡಿ.ಫಾರ್ಮ ಮುಗಿಸಿ, ಎಂಬತ್ತರ ದಶಕದ ನಡುವೆ ಹೊಸ ಬೋರ್ಡು ಹಾಕಿಸಿಕೊಂಡು ಕೂತವಳು. ಊರಿಗೆಲ್ಲ ಅವರು ಕಾಂಪೌಂಡರಪ್ಪ. ನನ್ನ ಬಾಯಲ್ಲಿ ಮಾತ್ರ 'ಆ ಮುದುಕ'.

ಮುಚ್ಚಿಡುವುದೇನು, ನನಗೆ ಅವರನ್ನು ಕಂಡರೆ ಹೊಟ್ಟೆಕಿಚ್ಚು. ಜನರನ್ನು ಸೆಳೆಯಲು ಫ್ಯಾನು ಹಾಕಿಸಿದೆ, ಬೆಂಚು ಇಟ್ಟೆ, ಮಣ್ಣಿನ ಹೂಜಿಯಲ್ಲಿ ತಣ್ಣೀರಿಟ್ಟೆ. ಜನ ಬಂದರು. ನನ್ನ ಫ್ಯಾನಿನ ಕೆಳಗೆ ಕೂತು, ನನ್ನ ನೀರು ಕುಡಿದು, ಎದುರಂಗಡಿಯಲ್ಲಿ ನೂಕುನುಗ್ಗಲು ಕಡಿಮೆಯಾದ ಮೇಲೆ ಎದ್ದು ಅಲ್ಲಿಗೆ ಹೋದರು. ಒಬ್ಬಳು ಹೋಗುವಾಗ, "ನಿನ್ ನೀರು ಬೋ ರುಚಿ ಕಣವ್ವ" ಎಂದು ಬೇರೆ ಹೇಳಿದಳು.

ಅವರದು ಅಮಾವಾಸ್ಯೆ ಲೆಕ್ಕ. ಓದು ಬಾರದ ಹೆಂಗಸರಿಗೆ ತಾರೀಖು ಹೇಳಿದರೆ ಮರೆಯುತ್ತಾರೆಂದು, ಬಿ.ಪಿ., ಸಕ್ಕರೆ ಕಾಯಿಲೆಯವರಿಗೆಲ್ಲ ಒಂದೇ ಮಾತು: "ಅಮಾವಾಸ್ಯೆ ಮಾರನೇ ದಿನ ಬಾ. ಖಾಲಿ ಶೀಟು ತಾ, ತುಂಬಿದ್ದು ತಗೊಂಡೋಗು." ಚೀಟಿ ಬರೆಸಿ ಮೂರು ಅಮಾವಾಸ್ಯೆ ಕಳೆದರೆ ಮಾತ್ರೆಯೇ ಇಲ್ಲ. "ಡಾಕ್ಟ್ರತ್ರ ತೋರಿಸ್ಕೊಂಡು ಚೀಟಿ ಬರೆಸ್ಕೊಂಡ್ ಬಾ, ಓಗು" ಎಂದು ಅಟ್ಟುತ್ತಿದ್ದರು. ಅಟ್ಟಿಸಿಕೊಂಡವರು ನನ್ನಲ್ಲಿಗೆ ಬಂದಾರೆಂದು ನಾನು ಆಸೆಯಿಂದ ಎದ್ದು ನಿಲ್ಲುತ್ತಿದ್ದೆ. ಒಬ್ಬರೂ ಬರದೆ ನೆಟ್ಟಗೆ ಡಾಕ್ಟರ ಹತ್ತಿರ ಹೋಗುತ್ತಿದ್ದರು.

ಇದನ್ನೆಲ್ಲ ಸಹಿಸಿಕೊಂಡೇನು. ಆದರೆ ಆ ಸಾಲಿನಲ್ಲಿ ನನ್ನ ಹೆತ್ತಮ್ಮನೂ ನಿಲ್ಲತೊಡಗಿದಳು.

ಅಮ್ಮ ಕಾಮಸಮುದ್ರದ ಪಕ್ಕದ ಹಳ್ಳಿಯಲ್ಲಿ ಅಣ್ಣನ ಜೊತೆ ಇದ್ದಳು. ಮೊದಲ ಒಂದು ವರ್ಷ ಅವಳ ಬಿ.ಪಿ. ಮಾತ್ರೆಯನ್ನು ನಾನೇ, ಮಗಳೆಂಬ ಧಾರಾಳದಲ್ಲಿ, ಕವರ್ ತುಂಬ ತುಂಬಿ ಕಳಿಸುತ್ತಿದ್ದೆ. ಒಂದು ದಿನ ಬಸ್ಸಿಳಿದು ಬಂದವಳು ನನ್ನ ಅಂಗಡಿ ದಾಟಿ ಎದುರಂಗಡಿಯ ಮೆಟ್ಟಿಲು ಹತ್ತಿದಳು. ಸೆರಗಿನ ಗಂಟು ಬಿಚ್ಚಿ ಖಾಲಿ ಶೀಟು ತೆಗೆದಳು. ಆ ಮುದುಕ ಹಿಸುಕಿ ನೋಡಿ ಏನೋ ಗದರಿದರು. ನಮ್ಮಪ್ಪನ ಮಾತಿಗೂ ಎದುರಾಡುತ್ತಿದ್ದ ನಮ್ಮಮ್ಮ ತಲೆ ತಗ್ಗಿಸಿ ನಿಂತಿದ್ದಳು.

"ಎದುರಿಗೇ ನನ್ನಂಗಡಿ ಇಟ್ಕೊಂಡು ಅಲ್ಯಾಕಮ್ಮ ಓಗ್ತೀಯ?" ಎಂದೆ.

"ಆವಯ್ಯ ಬೈತಾನೆ ಕಣೇ. ನೀನು ಬೈಯಲ್ಲ."

"ಬೈಗುಳಕ್ಕೆ ಬಸ್ಸತ್ಕೊಂಡ್ ಬತ್ತೀಯಾ?"

"ಊ ಕಣೇ" ಎಂದಳು, ಅಷ್ಟೆ.

ಮೈಯೆಲ್ಲ ಉರಿದುಹೋಯಿತು. ರಸ್ತೆ ದಾಟಿ ಹೋಗಿ, ಗಿರಾಕಿಗಳ ಮುಂದೆಯೇ, "ಊರವರು ಸಾಲದು ಅಂತ ನಮ್ಮಮ್ಮನ್ನೂ ಕಿತ್ಕೊಂಡ್ರಾ?" ಎಂದು ಕೇಳಿದೆ. ಅವರು ಕನ್ನಡಕದ ಮೇಲಿಂದ ನೋಡಿ, "ಬಿಸಿಲಾಗ್ ಬಂದಿದೀಯ, ಕೂತ್ಕೋ ತಾಯಿ" ಎಂದರು. ನಾನು ಕೂರಲಿಲ್ಲ. ಆಮೇಲೆ ಆರು ವರ್ಷ ಅವರ ಮುಖ ನೋಡಿ ಮಾತಾಡಲಿಲ್ಲ.

ತೊಂಬತ್ತರ ದಶಕ ಶುರುವಾದ ಮೇಲೆ ಅವರ ಕಣ್ಣು ಮಂದವಾಯಿತು. ಅಂಗಡಿ ಮುಚ್ಚುತ್ತಾರೆಂಬ ಸುದ್ದಿ ಬಂದು ನಾನು ಒಳಗೊಳಗೇ ಹಿಗ್ಗುತ್ತಿದ್ದಾಗ ಅವರೇ ನನ್ನನ್ನು ಕರೆಸಿದರು. ಚೀಟಿಗಳನ್ನು ಚುಚ್ಚಿಡುವ ಕಂಬಿಯನ್ನೇ ನನ್ನ ಕೈಗಿಟ್ಟು, "ತಿಂಗಳು ತಿಂಗಳು ಬರೋರ ಚೀಟಿ. ಇನ್ನು ನಿಂದು" ಎಂದರು. ಆಮೇಲೆ ಗಲ್ಲಾದ ಅಡಿಯಿಂದ ಹಳೆಯ ಕವರೊಂದನ್ನು ತೆಗೆದರು. ಅದರ ಮೇಲೆ ನನ್ನ ಅಂಗಡಿಯ ಮೊಹರು.

"ನಿಮ್ಮೂರ ಹೆಂಗ್ಸು ತಂದಿದ್ಲು. ತಲೆ ಸುತ್ತುತ್ತೆ ಅಂತ ನಿಮ್ಮಮ್ಮನ ಮಾತ್ರೆ ನುಂಗಿ, ಕೊಟ್ಟಿಗೇಲಿ ಬಿದ್ದು ಹಣೆ ಒಡ್ಕೊಂಡಿದ್ಲು. ಅವ್ಳಿಗೆ ಮೊದ್ಲೇ ಬಿ.ಪಿ. ಕಮ್ಮಿ. ದೇವ್ರು ದೊಡ್ಡೋನು, ಉಳ್ಕೊಂಡ್ಲು. ನಿಮ್ಮಮ್ಮ ಕೇರಿಗೆಲ್ಲ ಕರಿಬೇವು ಹಂಚ್ದಂಗೆ ಹಂಚ್ತಿದ್ರು ತಾಯಿ. ಮಗಳ ಅಂಗಡೀದು ಅಂತ ಹೆಮ್ಮೆ. ಕೊನೆಗೆ ಅವ್ರಿಗೇ ಉಳೀತಿರ್ಲಿಲ್ಲ. ಕರೆಸಿ ನೋಡಿಸಿದ್ರೆ ಅವ್ರ ಬಿ.ಪಿ. ಎಲ್ಲೋ ಏರಿ ಕೂತಿತ್ತು. ಖಾಲಿ ಶೀಟು ತೋರಿಸ್ದೆ ಮಾತ್ರೆ ಇಲ್ಲ, ಇನ್ಮೇಲೆ ನನ್ನತ್ರಾನೇ ಬರ್ಬೇಕು ಅಂದೆ."

ನಾನು ಕವರನ್ನು ತಿರುಗಿಸಿ ನೋಡಿದೆ. "ನನಗ್ಯಾಕೆ ಹೇಳಲಿಲ್ಲ?"

"ಮಗಳಂಗಡಿಗೆ ಕೆಟ್ಟೆಸ್ರು ಬತ್ತದೆ, ಯಾರ್ಗೂ ಏಳ್ಬೇಡಿ, ಅವ್ಳಿಗೂ ಏಳ್ಬೇಡಿ ಅಂತ ಅತ್ಬಿಟ್ರು. ಮಾತು ಕೊಟ್ಟೆ. ಈಗ ನೋಡ್ಕೊಳ್ಳೋಳು ನೀನು. ಅದಕ್ಕೆ ಮುರಿದೆ."

ಆ ಕವರನ್ನು ಅವರು ಒಬ್ಬರಿಗೆ ತೋರಿಸಿದ್ದರೂ ಸಾಕಿತ್ತು, ನನ್ನ ಅಂಗಡಿಗೆ ಅಂದೇ ಬೀಗ. ಕಾಲು ಮುಟ್ಟಿ ನಮಸ್ಕಾರ ಮಾಡಬೇಕಿತ್ತು. ನನ್ನ ಕೆಟ್ಟ ಬುದ್ಧಿ ನೋಡಿ, ನನಗೆ ಆಗಲೂ ಬಂದದ್ದು ಹೊಟ್ಟೆಕಿಚ್ಚೇ. ನನ್ನಿಂದ ಮುಚ್ಚಿಟ್ಟದ್ದನ್ನು ಅಮ್ಮ ಇವರ ಮುಂದೆ ಅತ್ತು ಹೇಳಿಕೊಂಡಳಲ್ಲ ಎಂದು. "ಬರ್ತೀನಿ" ಎಂದಷ್ಟೇ ಹೇಳಿ ಕಂಬಿ ಹಿಡಿದು ರಸ್ತೆ ದಾಟಿದೆ. ಮೂರು ವಾರಕ್ಕೆ ಅವರು ತೀರಿಕೊಂಡರು. ಆ ನಮಸ್ಕಾರ ಇವತ್ತಿಗೂ ಬಾಕಿ.

ಅಮಾವಾಸ್ಯೆಯ ಮಾರನೇ ದಿನ ಅಮ್ಮ ಬಂದಳು. ಮುಚ್ಚಿದ ಅಂಗಡಿಯ ಮೆಟ್ಟಿಲ ಬಳಿ ಸ್ವಲ್ಪ ಹೊತ್ತು ನಿಂತಳು. ಆಮೇಲೆ ರಸ್ತೆ ದಾಟಿ ನನ್ನ ಗಾಜಿನ ಮೇಜಿನ ಮೇಲೆ ಮೂರು ಖಾಲಿ ಶೀಟು ಇಟ್ಟಳು. ನಾನು ಅಭ್ಯಾಸಬಲದಿಂದ ಹೊಸದಕ್ಕೆ ಕೈ ಹಾಕಿದೆ.

"ಮೊದ್ಲು ಇಸುಕಿ ನೋಡೇ" ಎಂದಳು.

ಹಿಸುಕಿದೆ. ಮೂರನೆಯ ಶೀಟಿನಲ್ಲಿ ಒಂದು ಗೂಡು ಗಟ್ಟಿಯಾಗಿ ಸಿಕ್ಕಿತು.

"ಯಾವತ್ತು ಬಿಟ್ಟೆ?"

"ಆವಯ್ಯ ತೀರೋದ್ನಲ್ಲ, ಅವತ್ತು. ಬಾಯಿಗೆ ಏನೂ ಇಳೀಲಿಲ್ಲ ಕಣೇ."

ಅವಳು ಮೇಜು ಹಿಡಿದು, ತಲೆ ತಗ್ಗಿಸಿ, ಕಾಯುತ್ತಾ ನಿಂತಿದ್ದಳು. ಏನಕ್ಕೆ ಕಾಯುತ್ತಿದ್ದಾಳೆಂದು ನನಗೆ ಹೊಳೆಯಿತು. ದನಿ ಎತ್ತಿ ಬೈದೆ. "ಯಾರು ತೀರೋದ್ರೂ ಮಾತ್ರೆ ಬಿಡೋ ಅಂಗಿಲ್ಲ, ಇನ್ನೊಂದ್ಸಲ ಇಂಗ್ ಮಾಡಿದ್ರೆ ಶೀಟೇ ಕೊಡಲ್ಲ, ತಿಳ್ಕೋ" ಎಂದು ಬಾಯಿಗೆ ಬಂದದ್ದೆಲ್ಲ ಬೈದೆ. ಬೈಯುತ್ತಾ ನನ್ನ ಕಣ್ಣಲ್ಲಿ ನೀರು ಬಂತು.

ಅಮ್ಮ ಎಲ್ಲವನ್ನೂ ಕೇಳಿಸಿಕೊಂಡಳು. ಹೊಸ ಶೀಟುಗಳನ್ನು ಸೆರಗಿಗೆ ಗಂಟು ಹಾಕಿಕೊಂಡಳು. ಮೆಟ್ಟಿಲಿಳಿಯುವಾಗ ಎದುರಿನ ಮುಚ್ಚಿದ ಬಾಗಿಲನ್ನೊಮ್ಮೆ ನೋಡಿ, ನನ್ನ ಕಡೆ ತಿರುಗಿದಳು.

"ಪರವಾಗಿಲ್ಲ" ಎಂದಳು. "ಆದ್ರೂ ಆವಯ್ಯನಷ್ಟು ಚೆನ್ನಾಗ್ ಬೈಯಾಕ್ ಬರಲ್ಲ ಬುಡು ನಿಂಗೆ."