ಕೌದಿ ಮೇಲಿನ ಸಾಹೇಬ

ಸೂಗಮ್ಮ ಅಣ್ಣನ ರುಮಾಲನ್ನು ತಲೆಗೆ ಸುತ್ತಿಕೊಂಡು, ಮಡಚಿಟ್ಟ ಕೌದಿಗಳ ರಾಶಿ ಹತ್ತಿ ಕೂತು, ಇಲ್ಲದ ಮೀಸೆಯನ್ನು ತಿರುವಿ ಗದರಿದಳು.

"ಯಾರು ನೀ? ಯಾಕ ಬಂದಿ? ಬಾಯಾಗ ಕಡಬು ತುರುಕ್ಕೊಂಡೀಯೇನು, ಮಾತಾಡವಲ್ಲಿ?"

ಎದುರಿಗೆ ನಿಂತಿದ್ದ ಹಜಿರಾಳಿಗೆ ನಗು ತಡೆಯಲಾಗಲಿಲ್ಲ. ನಕ್ಕದ್ದೇ ತಪ್ಪಾಯಿತು.

"ನಗತಾಳ ನೋಡು! ಗಂಡ ಲಾಕಪ್ಪಿನ್ಯಾಗ ಕುಂತಾನ, ಈಕಿ ಕಚೇರ್ಯಾಗ ನಿಂತು ಹಲ್ಲು ಕಿಸಿಯಾಕತ್ಯಾಳ. ಹೊರಗ ಹಾಕ್ರಿ ಈಕೀನ!"

ಹಜಿರಾಳ ಮುಖ ಬಾಡಿತು. ಕೌದಿ ಮೇಲಿನ ಸಾಹೇಬನಿಗೆ ಕರುಣೆ ಬಂದು, "ಬಾ, ಮತ್ತೊಮ್ಮಿ ಬಾಗಲದಿಂದ ಒಳಗ ಬಾ," ಎಂದ.

ಇದು ಕಲ್ಯಾಣಿಯಲ್ಲಿ ನಡೆದದ್ದು. ಈಗ ಬಸವಕಲ್ಯಾಣ ಅನ್ನುತ್ತೇವಲ್ಲ, ಆಗ ಅಷ್ಟುದ್ದದ ಹೆಸರು ಇರಲಿಲ್ಲ. ೧೯೪೮ರ ಚಳಿಗಾಲ, ನಿಜಾಮನ ಸರ್ಕಾರ ಹೋಗಿ ಹಿಂದೂಸ್ತಾನದ ಫೌಜು ಬಂದು ಬಹಳ ದಿನವಾಗಿರಲಿಲ್ಲ. ಹಜಿರಾಳ ಗಂಡ ಬಂದೇನವಾಜ್ ನಾಲಬಂದ; ಎತ್ತು, ಕುದುರೆಗಳ ಕಾಲಿಗೆ ನಾಲ, ಅಂದರೆ ಲಾಳ, ಹೊಡೆಯುವವನು. ಫೌಜು ಬರುವ ಮುಂಚಿನ ಕೆಟ್ಟ ದಿನಗಳಲ್ಲಿ ಹಳ್ಳಿಗಳ ಮೇಲೆ ಬೀಳುತ್ತಿದ್ದ ಸವಾರರ ಕುದುರೆಗಳಿಗೆ ಇವನೇ ನಾಲ ಹೊಡೆದ ಎಂದು ಯಾರೋ ಹೇಳಿದರು. ಹೊಡೆದದ್ದು ಸುಳ್ಳಲ್ಲ. ಹಿಡಿದುಕೊಂಡು ಹೋಗಿ ಹುಮನಾಬಾದದ ಲಾಕಪ್ಪಿನಲ್ಲಿ ಕೂರಿಸಿದರು.

ಅಲ್ಲಿಗೆ ಹೊಸ ಸಾಹೇಬನೊಬ್ಬ ಬಂದಿದ್ದ, ಧಾರವಾಡದ ಕಡೆಯವನು. ಉರ್ದು ಬಾರದು. ನಡುವೆ ನಿಂತು ಮಾತು ತಿರುಗಿಸಿ ಹೇಳುವವರ ಮೇಲೆ ನಂಬಿಕೆಯೂ ಇಲ್ಲ. ಯಾರ ಮನುಷ್ಯ ಒಳಗಿದ್ದಾನೋ ಆ ಮನೆಯವರೇ ಬಂದು ತನಗೆ ತಿಳಿಯುವ ಕನ್ನಡದಲ್ಲಿ ಹೇಳಲಿ ಎಂದು ಪಟ್ಟು ಹಿಡಿದಿದ್ದ. ಬರುವ ಸಂತೆಯ ದಿನ ಕೊನೆಯ ವಿಚಾರಣೆ. ಅವತ್ತು ಬಿಡುಗಡೆಯಾಗದವರೆಲ್ಲ ಗುಲಬರ್ಗಾದ ದೊಡ್ಡ ಜೇಲಿಗೆ. ಅಲ್ಲಿಗೆ ಹೋದವರು ಯಾವಾಗ ಮರಳುತ್ತಾರೋ ಹೇಳುವವರಿಲ್ಲ.

ಹಜಿರಾ ಹುಟ್ಟಿದ್ದು ಹೈದರಾಬಾದಿನಲ್ಲಿ. ಮದುವೆಯಾಗಿ ಕಲ್ಯಾಣಿಗೆ ಬಂದು, ಮಗಳ ಮದುವೆಯನ್ನೂ ಮಾಡಿ ಕಳಿಸಿದ್ದಳು. ಆದರೆ ಪರದೆಯ ಹಿಂದಿನ ಬದುಕು ನೋಡಿ. ಕನ್ನಡ ಕಿವಿಗೆ ಬಂದಿತ್ತು, ನಾಲಿಗೆಗೆ ಬಂದಿರಲಿಲ್ಲ. ಪಕ್ಕದ ಮನೆಯ ಸೂಗಮ್ಮ ಗೋಡೆಯಾಚೆಯಿಂದ ಕನ್ನಡದಲ್ಲಿ ಕೂಗುವಳು, ಇವಳು ದಖನಿ ಉರ್ದುವಿನಲ್ಲಿ ಓಗೊಡುವಳು. ಇಷ್ಟು ವರ್ಷ ಅದರಲ್ಲೇ ಸಾರು ಅದಲುಬದಲಾಗಿತ್ತು, ಜಗಳವಾಗಿತ್ತು, ಜಗಳ ಮುಗಿದೂ ಇತ್ತು.

ಸೂಗಮ್ಮ ವಿಧವೆ. ಎರಡೆತ್ತಿನ ಬೇಸಾಯ ತಾನೇ ಮಾಡಿಸುವ ಗಟ್ಟಿಗಿತ್ತಿ. ಬಾಯಿಯಂತೂ ಕೇಳಬೇಡಿ, ಸಂತೆಯಲ್ಲಿ ಆಕೆ ಚೌಕಾಸಿಗೆ ನಿಂತರೆ ಮಾರುವವನು ಬುಟ್ಟಿ ಸಹಿತ ಕೊಟ್ಟು ಹೋಗಬೇಕು. ಮುಡಬಿ ಕಡೆಯ ಹಳ್ಳಿಯಲ್ಲಿ ಆಕೆಯ ಅಣ್ಣ ಗುಂಡಪ್ಪನ ಮನೆಯನ್ನು ಅದೇ ಸವಾರರು ಸುಟ್ಟು, ಅವನ ಕಾಲು ಮುರಿದು ಹೋಗಿದ್ದರು. ಈಗ ಅವನು ತಂಗಿಯ ಮನೆಯ ಒಳಕೋಣೆಯಲ್ಲಿ ಮಂಚ ಹಿಡಿದಿದ್ದ. ಫೌಜು ಬಂದ ಮೇಲೆ ಗಾಳಿ ತಿರುಗಿತು. ಹಜಿರಾಳಂಥವರ ಮನೆಗಳನ್ನು ಹುಡುಕಿಕೊಂಡು ಜನ ಬಂದಾಗ, ಇದೇ ಸೂಗಮ್ಮ ಆಕೆಯನ್ನು ಜೋಳದ ಚೀಲಗಳ ಹಿಂದೆ ಬಚ್ಚಿಟ್ಟು, ಕುಡಗೋಲು ಹಿಡಿದು ಹೊಸ್ತಿಲಲ್ಲಿ ನಿಂತಿದ್ದಳು. ಊರವರು ಆಕೆಗೆ ತಲೆ ಕೆಟ್ಟಿದೆ ಅಂದರು.

"ಆತ ನಾಲ ಹೊಡದಾನ. ಮನಿ ಸುಟ್ಟಾನೇನು?" ಅಂದಿದ್ದಳು ಸೂಗಮ್ಮ.

ಸಾಹೇಬನ ಸೋಗು ಹಾಕುವ ಉಪಾಯವೂ ಆಕೆಯದೇ. "ನನ್ನ ಮುಂದ ಬಾಯಿ ಬಂದ್ರ ಯಾರ ಮುಂದರೆ ಬರ್ತದ," ಅಂದಳು. ಮಧ್ಯಾಹ್ನ ಬೀಸುವ, ಕುಟ್ಟುವ ಕೆಲಸ ಮುಗಿದ ಮೇಲೆ ಕಚೇರಿ ಶುರು. ಹಜಿರಾ ಅತ್ತರೆ ಸಾಹೇಬ ಕೌದಿ ಗುದ್ದುವನು: "ಅಳೋದು ಯಾವ ಸೀಮಿ ಕನ್ನಡನೇ? ಮಾತಾಡು." ಬೇಡಿಕೊಂಡರೂ ಆಗದು. "ಇಲ್ಲ ಅಂತೀನಿ ನಾ. ಇಲ್ಲ ಅಂದ ಕೂಡಲೆ ಹಿಂದ ಸರೀತಿಯಲ್ಲ, ಮುಂದ ಬಾ. ಹ್ಯಾಂಗ ಒಪ್ಪಸ್ತಿ ಒಪ್ಪಸು ನನಗ."

ಮೊದಮೊದಲು ಹಜಿರಾಳ ಮಾತು ಕುಂಟುತ್ತಿತ್ತು. ಆಮೇಲೆ ಅವಳಿಗೆ ಅದೇ ಗುಂಗು ಹಿಡಿಯಿತು. ರೊಟ್ಟಿ ತಟ್ಟುತ್ತ ಹಂಚಿನ ಜೊತೆ ವಾದಿಸುವಳು, ನೀರು ಸೇದುತ್ತ ಬಾವಿಯನ್ನು ಒಪ್ಪಿಸುವಳು. ಒಂದು ಕಡೆ ಕೂತರೆ ಕಾಲು ತಾನಾಗಿ ಅಲುಗುವುದು. ಎದ್ದು ಅಂಗಳದ ಆ ತುದಿಯಿಂದ ಈ ತುದಿಗೆ ಅಲೆಯುವಳು. ಅನ್ನ ಸೇರದು. ಬೀದಿಯಲ್ಲಿ ಟಕಟಕ ಸದ್ದಾದರೆ ಬಾಗಿಲ ಸಂದಿಗೆ ಓಡುವಳು, ನೋಡಿದರೆ ಟಾಂಗಾ. ಇಷ್ಟೆಲ್ಲ ತಳಮಳದಲ್ಲೂ ಕನ್ನಡದ ಮಾತುಗಳು ಮಾತ್ರ ನಾಲಿಗೆಯ ಮೇಲೆ ಒಂದೊಂದೇ ಕೂಡುತ್ತ ಬಂದವು.

"ಹೊಟ್ಟಿಪಾಡಿನ ಕೆಲಸರಿ ಸಾಹೇಬ್ರ. ಸವಾರರು ಬಂದೂಕು ತೋರಿಸ್ಯಾರ್ರಿ. ಒಲ್ಲೆ ಅಂದ್ರ ಜೀವ ಹೋಗತಿತ್ರಿ."

"ಎಲ್ಲಿಗಿ ಹೊಂಟೀರಿ ಅಂತ ಕೇಳಬೇಕಾಗಿತ್ತಿಲ್ಲ?"

"ನಾಲಬಂದ ಹಂಗ ಕೇಳಂಗಿಲ್ರಿ. ಸವಾರಿ ಹೊಂಟವರಿಗಿ ಎಲ್ಲಿಗಿ ಅಂತ ಕೇಳಿದ್ರ ಅಪಶಕುನರಿ. ನಮ್ಮವರ ಅಪ್ಪ, ಅಜ್ಜ ಯಾರೂ ಕೇಳಿಲ್ರಿ."

"ಶಭಾಶ್!" ಸಾಹೇಬ ಕೌದಿಯ ಮೇಲೆ ಕುಣಿದಾಡಿದ. ಹಜಿರಾಳ ಮುಖ ಅರಳಿತು. ಗಂಡ ಒಳಗೆ ಬಿದ್ದ ಮೇಲೆ ಆಕೆ ಮೊದಲ ಸಲ ಮನಸಾರೆ ನಕ್ಕಳು.

ವಿಚಾರಣೆಯ ಹಿಂದಿನ ದಿನ ಬಂತು. ಅವತ್ತು ಸೂಗಮ್ಮ ರುಮಾಲು ಸುತ್ತಿಕೊಂಡಳು, ಮೀಸೆ ತಿರುವಲಿಲ್ಲ. ಒಳಕೋಣೆಯಲ್ಲಿ ಗುಂಡಪ್ಪ ಕೆಮ್ಮಿದ್ದು ಕೇಳಿಸಿತು. ಎಲ್ಲ ಪ್ರಶ್ನೆಗಳೂ ಆದವು, ಹಜಿರಾ ಎಲ್ಲಕ್ಕೂ ಪಟಪಟನೆ ಉತ್ತರ ಕೊಟ್ಟಳು. ಅಪಶಕುನದ ಮಾತಿಗೆ ಬಂದಾಗ ಸೂಗಮ್ಮ ಶಭಾಶ್ ಅನ್ನಲಿಲ್ಲ.

"ಕೇಳಲಿಲ್ಲ, ಖರೆ. ಅವರೇ ತಮ್ಮ ಬಾಯಿಲೆ ಹೇಳಿದ್ರೋ ಇಲ್ಲೋ?"

ಇದು ಹೊಸ ಪ್ರಶ್ನೆ. ಹಜಿರಾ ತಡವರಿಸದೆ, "ಇಲ್ರಿ ಸಾಹೇಬ್ರ," ಅಂದಳು.

"ಆ ಮುಂಜಾನಿ ನಾಲ ಹೊಡದು ಮನಿಗಿ ಬಂದ ಮ್ಯಾಲ ನಿನ್ನ ಗಂಡ ರೊಟ್ಟಿ ತಿಂದನೇನು?"

"ತಿಂದಾರ್ರಿ."

"ಮತ್ತ ಆ ರೊಟ್ಟಿ ನಾಯಿಗಿ ಯಾಕ ಹಾಕಿದಿ? ಗ್ವಾಡಿ ಮ್ಯಾಲಿಂದ ನಾನ ನೋಡೀನಿ."

ಹಜಿರಾ ಸಾಹೇಬನ ಕಡೆ ನೋಡಿದಳು. ರುಮಾಲಿನ ಕೆಳಗೆ ಸೂಗಮ್ಮನ ಕಣ್ಣುಗಳಿದ್ದವು. ಈ ಪ್ರಶ್ನೆಯನ್ನು ಆಕೆ ಎಷ್ಟು ದಿನದಿಂದ ಇಟ್ಟುಕೊಂಡಿದ್ದಳೋ! ತನ್ನ ದಖನಿಯಲ್ಲಾಗಿದ್ದರೆ ಹಜಿರಾ ಹತ್ತು ಕಡೆ ನುಣುಚಿಕೊಳ್ಳುತ್ತಿದ್ದಳು, ಖುದಾನ ಆಣೆ ಹಾಕುತ್ತಿದ್ದಳು, ಮಾತನ್ನು ಬೇರೆಲ್ಲಿಗೋ ಒಯ್ಯುತ್ತಿದ್ದಳು. ಹೊಸದಾಗಿ ಬಂದ ಕನ್ನಡದಲ್ಲಿ ಅಷ್ಟೊಂದು ದಾರಿಗಳು ಅವಳಿಗೆ ಗೊತ್ತಿರಲಿಲ್ಲ.

"ತಿನ್ನಲಿಲ್ಲ ಅಕ್ಕಾ," ಅಂದಳು. "ಗೊತ್ತಿತ್ತು. ಗುಂಡಪ್ಪಣ್ಣನ ಊರಿಗಿ ಹೊಂಟೇವಂತ ಅವರು ನಗಕೋತ ಹೇಳಿದ್ರಂತ. ಇವರು ಮನಿಗಿ ಬಂದು ನನಗ ಹೇಳಿದ್ರು. ಯಾರಿಗರೆ ಹೇಳಿದ್ರ ನಮ್ಮನ್ನ ಕಡದು ಹಾಕ್ತಾರ ಅಂದ್ರು. ನನಗ ಅಂಜಿಕಿ ಬಂತು. ನಡುವ ಬರೇ ಗ್ವಾಡಿ ಇತ್ತು ಅಕ್ಕಾ. ನಾ ಕೂಗಲಿಲ್ಲ."

ಸೂಗಮ್ಮ ಕೌದಿ ರಾಶಿಯಿಂದ ಇಳಿದಳು. ರುಮಾಲು ಬಿಚ್ಚಿ, ನಿಧಾನವಾಗಿ ಮಡಚಿ, ಅಣ್ಣ ಮಲಗಿದ್ದ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮರುದಿನ ಹಜಿರಾ ಬುರ್ಖಾ ತೊಟ್ಟು ಒಬ್ಬಳೇ ಮೋಟಾರು ನಿಲ್ಲುವ ಕಡೆ ಹೋದಳು. ಪಕ್ಕದ ಮನೆಯ ಬಾಗಿಲ ಕಡೆ ನೋಡುವ ಧೈರ್ಯ ಆಗಲಿಲ್ಲ. ಮೋಟಾರು ಹೊರಡುವ ಹೊತ್ತಿಗೆ ಸೂಗಮ್ಮ ಬಂದು ಹತ್ತಿದಳು. ಹಜಿರಾಳ ಪಕ್ಕದ ಜಾಗ ಖಾಲಿ ಇದ್ದರೂ ಹಿಂದೆ ಹೋಗಿ ಕೂತಳು. ಹುಮನಾಬಾದ ಬರುವವರೆಗೆ ಹಜಿರಾ ಕೈಬೆರಳು ಹಿಸುಕಿಕೊಳ್ಳುತ್ತಲೇ ಇದ್ದಳು. ಈಕೆ ಯಾಕೆ ಬರುತ್ತಿದ್ದಾಳೆ? ಸಾಹೇಬನಿಗೆ ಎಲ್ಲ ಹೇಳಿಬಿಡಲಿಕ್ಕಾ? ಹೇಳಿದರೆ ತಪ್ಪೇನು? ಅಲ್ಲಾ, ಆದರೆ ಅವರು ಗುಲಬರ್ಗಾಕ್ಕೆ ಹೋಗಿಬಿಟ್ಟರೆ? ತಿರುಗಿ ನೋಡಲು ಕತ್ತು ಏಳದು. ದಾರಿ ಮುಗಿಯದು.

ಕಚೇರಿಯ ಸಾಹೇಬ ಸೂಗಮ್ಮ ಸಾಹೇಬನಂತೆ ಇರಲೇ ಇಲ್ಲ. ತೆಳ್ಳಗಿನ ಮನುಷ್ಯ, ನೆಗಡಿಯಾಗಿತ್ತು. ಗದರಲಿಲ್ಲ, ಗುದ್ದಲಿಲ್ಲ, "ಹೇಳ್ರಿ ತಾಯಿ," ಅಂದ. ಇಲ್ಲ ಅಂದವನನ್ನು ಒಪ್ಪಿಸುವುದಕ್ಕೆ ತಯಾರಾಗಿ ಬಂದಿದ್ದವಳಿಗೆ ಈ ಮೆತ್ತಗಿನ ಮಾತಿನಿಂದ ಕಾಲಡಿಯ ನೆಲವೇ ಜಾರಿದಂತಾಯಿತು. ಹೇಗೋ ಶುರು ಮಾಡಿದಳು. ಹೊಟ್ಟಿಪಾಡು ಬಂತು, ಬಂದೂಕು ಬಂತು, ಅಪಶಕುನವೂ ಬಂತು. ಸಾಹೇಬ ಮೂಗು ಒರೆಸಿಕೊಳ್ಳುತ್ತ ಪೂರ್ತಿ ಕೇಳಿದ.

"ಛಲೋ ಹೇಳಿದ್ರಿ," ಅಂದ. "ಒಂದ ಮಾತು ಕೇಳ್ತೀನಿ. ಅವರು ಎಲ್ಲಿಗೆ ಹೊರಟಿದ್ದರು ಅನ್ನೋದು ನಿಮ್ಮ ಯಜಮಾನರಿಗೆ ಗೊತ್ತಿತ್ತೋ?"

ಇಲ್ರಿ ಸಾಹೇಬ್ರ ಎಂಬ ಮಾತು ನಾಲಿಗೆಯ ತುದಿಗೆ ಬಂದು ನಿಂತಿತ್ತು. ಅದನ್ನಂದರೆ ಗಂಡ ಮನೆಗೆ. ಸೂಗಮ್ಮ ಬಾಗಿಲ ಹತ್ತಿರ ಗೋಡೆಗೆ ಆತು ನಿಂತಿದ್ದಳು, ನೆಲ ನೋಡುತ್ತ. ಬಾಯಿ ತೆರೆದು ಈಕೆಯನ್ನು ಸುಳ್ಳುಗಾರ್ತಿ ಮಾಡುವ ಲಕ್ಷಣವೂ ಇರಲಿಲ್ಲ. ಸುಮ್ಮನೆ ನಿಂತಿದ್ದಳು ಅಷ್ಟೇ. ಹಜಿರಾಳಿಗೆ ಅದನ್ನು ನೋಡಲಾಗಲಿಲ್ಲ.

"ಗೊತ್ತಿತ್ರಿ," ಅಂದಳು. "ನನಗೂ ಗೊತ್ತಿತ್ರಿ."

ಕಚೇರಿಯಲ್ಲಿ ಬರೆಯುತ್ತಿದ್ದವನ ಕೈ ನಿಂತಿತು. ಸಾಹೇಬ ಕನ್ನಡಕ ತೆಗೆದ. ಎಲ್ಲ ಮುಗಿಯಿತು ಅಂದುಕೊಂಡಳು ಹಜಿರಾ; ಗುಲಬರ್ಗಾದ ಜೇಲು ಹೇಗಿರುತ್ತದೋ, ಅಲ್ಲಿ ಚಳಿಗೆ ಹೊದೆಯಲು ಏನು ಕೊಡುತ್ತಾರೋ ಎಂದು ಅವಳ ತಲೆ ಅಲ್ಲಿಗೇ ಓಡಿತು.

"ಆತನ್ನ ಬಿಡ್ರಿ ಸಾಹೇಬ್ರ," ಎಂದಿತು ಬಾಗಿಲ ಕಡೆಯ ದನಿ.

"ನೀವು ಯಾರು?"

"ಸುಟ್ಟ ಮನಿಯವರು." ಸೂಗಮ್ಮ ಮುಂದೆ ಬಂದಳು. "ಸುಟ್ಟದ್ದು ನಮ್ಮಣ್ಣನ ಮನಿ, ಮುರದದ್ದು ಆತನ ಕಾಲು. ನಾ ಮಾಫಿ ಮಾಡೀನಿ ಅಂತ ಬಂದಿಲ್ರಿ, ಹಂಗ ತಿಳೀಬ್ಯಾಡ್ರಿ. ನನ್ನ ಹೊಟ್ಟಿ ಇನ್ನೂ ಉರಿಯಾಕತ್ತದ. ಗೊತ್ತಿದ್ದು ಯಾಕ ಸುಮ್ಮ ಕುಂತಿ ಅಂತ ನಮ್ಮಣ್ಣ ಮಂಚದ ಮ್ಯಾಲಿಂದ ಆತನ್ನ ಕೇಳಬೇಕು. ನೀವು ಗುಲಬರ್ಗಾಕ್ಕ ಕಳಿಸಿಬಿಟ್ರ ಅಂವ ಯಾರಿಗಿ ಕೇಳಬೇಕ್ರಿ? ಗ್ವಾಡಿಗೇನು?"

ಸಾಹೇಬ ಮೂಗು ಒರೆಸಿಕೊಂಡು ಕನ್ನಡಕ ಮತ್ತೆ ಹಾಕಿಕೊಂಡ. ಆಮೇಲೆ, "ಆತನಿಗೆ ಜಾಮೀನು ಯಾರು?" ಅಂದ.

"ನಾನ," ಅಂದಳು ಸೂಗಮ್ಮ, ಹೆಬ್ಬೆಟ್ಟು ಚಾಚಿ.

ಬಂದೇನವಾಜನನ್ನು ಬಿಟ್ಟದ್ದು ಮರುದಿನ. ಗಡ್ಡ ಬೆಳೆದು, ಮುಖ ಸೊರಗಿ, ಸಂಜೆಯ ಮೋಟಾರಿಗೆ ಇಳಿದು ಮನೆಗೆ ಬಂದ. ಹಜಿರಾ ಹೊಸ್ತಿಲಲ್ಲಿ ನಿಂತಿದ್ದಳು. ಅವನನ್ನು ನೋಡಿ ಕಣ್ಣು ತುಂಬಿತು, ಆದರೂ ದಾರಿ ಬಿಡಲಿಲ್ಲ.

"ಒಳಗ ಆಮ್ಯಾಲ ಬರ್ರಿ. ಮೊದಲ ಆ ಮನಿಗಿ ಹೋಗಬೇಕು."

ಹೆಂಡತಿಯ ಬಾಯಲ್ಲಿ ಕನ್ನಡ ಕೇಳಿ ಅವನು ಬೆಪ್ಪಾದ. ಪಕ್ಕದ ಮನೆಯ ತೆರೆದ ಬಾಗಿಲು ನೋಡಿದ.

"ಅಲ್ಲಿ ಹೋಗಿ ಏನಂತ ಹೇಳಲಿ?" ಎಂದು ಪಿಸುಗುಟ್ಟಿದ. "ಬಂದೂಕು ಇತ್ತು ಅಂತ ಹೇಳಲೇನು? ಜೀವದ ಅಂಜಿಕಿ..."

"ಅದೆಲ್ಲ ನಾ ಹೇಳೀನಿ. ಗೊತ್ತಿತ್ತೇನು ಅಂತ ಗುಂಡಪ್ಪಣ್ಣ ಕೇಳ್ತಾರ, ನೀವು ಹೌದು ಅನ್ರಿ," ಅಂದಳು ಹಜಿರಾ, ಸೆರಗು ತಲೆಯ ಮೇಲೆ ಎಳೆದುಕೊಂಡು ಹೊಸ್ತಿಲು ದಾಟುತ್ತ. "ನಡೀರಿ. ನಾನೂ ಬರ್ತೀನಿ."