ಅವ್ವನ ಕಿವಿಗೆಂದು ಆರಿಸಿದ ಹೆಡ್‌ಫೋನ್

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಬೆಟಗೇರಿಯ ನಮ್ಮ ಮನೆಯಲ್ಲಿ ಅಡುಗೆ ಕೋಣೆಗೂ ಕರೆಂಟಿನ ಮಗ್ಗಗಳಿಗೂ ನಡುವೆ ಇದ್ದದ್ದು ಒಂದೇ ಗೋಡೆ. ಆ ಗೋಡೆಗೆ ಬೆನ್ನು ಕೊಟ್ಟು, ಕಿವಿಗೆ ಅರಳೆ ತುರುಕಿಕೊಂಡು ಓದಿದವಳು ನಾನು. ಮಗ್ಗ ನಡೆಯುವಾಗ ನಮ್ಮಲ್ಲಿ ಮಾತಿಲ್ಲ, ಎಲ್ಲ ಕೈಸನ್ನೆ. ಮಾತಾಡಲೇಬೇಕಾದ ಸುದ್ದಿ ಬಂದರೆ, ಇಲ್ಲವೆ ಯಾರಾದರೂ ಮನೆಗೆ ಬಂದರೆ, ಮಗ್ಗ ನಿಲ್ಲಿಸುತ್ತಾರೆ. ಅದು ಬಂದವರಿಗೆ ಕೊಡುವ ಮರ್ಯಾದೆ. ನನ್ನ ಬಿ.ಎ. ರಿಸಲ್ಟು ಬಂದ ದಿನ ಅವ್ವ ಎರಡೂ ಮಗ್ಗ ನಿಲ್ಲಿಸಿ, "ಈಗ ಹೇಳು. ಇನ್ನೊಮ್ಮೆ ಹೇಳು" ಅಂದಿದ್ದಳು.

ಮುಂಡರಗಿ ಕಡೆಯ ಹೈಸ್ಕೂಲಿನಲ್ಲಿ ನೌಕರಿ ಸಿಕ್ಕಿತು. ಅಪ್ಪ ಅಷ್ಟರಲ್ಲಿ ತೀರಿಕೊಂಡಿದ್ದ. ನಾನು ಹಟ ಹಿಡಿದು ಮಗ್ಗಗಳನ್ನು ಮಾರಿಸಿದೆ. ಅವ್ವ ಇನ್ನು ಕುಳಿತು ಉಣ್ಣಬೇಕು, ಅಷ್ಟೇ ನನ್ನ ಆಸೆ. ಮನೆ ತಣ್ಣಗಾಯಿತು. ಸ್ವಲ್ಪ ದಿನಕ್ಕೆ ಅವ್ವ ಕೇಳಿದಳು:

"ಯಾರ ಮನ್ಯಾಗಲೇ ಮಗ್ಗ ನಡದೈತಿ?"

"ಎಲ್ಲೂ ಇಲ್ಲಬೇ. ಕರೆಂಟ್ ಹೋಗೈತಿ."

"ಮತ್ತ ನನಗ ಕೇಳಾಕತ್ತೈತಲ್ಲ!"

ಮಗ್ಗ ಅವಳ ಕಿವಿಯೊಳಗೇ ಉಳಿದುಬಿಟ್ಟಿತ್ತು. ಗುಂಯ್ ಅನ್ನುವ ಸದ್ದು, ಅದರೊಳಗೆ ಮಗ್ಗದ ಬಡಿತ. ಊಟ ರುಚಿಸದು, ನಿದ್ದೆ ಹತ್ತದು. ಕಿವಿ ಡಾಕ್ಟರರು, ಬಹಳ ಕಾಲ ಸದ್ದಿನಲ್ಲಿ ದುಡಿದವರಿಗೆ ಹೀಗಾಗುತ್ತದೆ, ಗುಳಿಗೆಯಿಂದ ಹೋಗುವಂಥದ್ದಲ್ಲ, ರೂಢಿ ಮಾಡಿಕೊಳ್ಳಬೇಕು ಎಂದರು. ರೂಢಿ ಮಾಡಿಕೊಳ್ಳುವ ಮಾತು ನನಗೆ ಸೇರಲಿಲ್ಲ. ರೂಢಿ ಮಾಡಿಕೊಂಡೇ ಅವಳು ಅರ್ಧ ಆಯುಷ್ಯ ಕಳೆದಿದ್ದಳು.

ಸದ್ದು ತಡೆಯುವ ಹೆಡ್‌ಫೋನುಗಳ ಬಗ್ಗೆ ಸ್ಟಾಫ್ ರೂಮಿನಲ್ಲಿ ಯಾರೋ ಹೇಳಿದರು. ಅಂದಿನಿಂದ ಬಸ್ಸಿನಲ್ಲಿ ಹೋಗುತ್ತಾ ಬರುತ್ತಾ ಅದೇ ಓದು. ಪರೀಕ್ಷೆಗೆ ಓದಿದ ಹಾಗೆ ಓದಿದೆ. ಒಂದರಲ್ಲಿ ಹಾಡು ಚೆನ್ನ, ಇನ್ನೊಂದರಲ್ಲಿ ಚಾರ್ಜು ಹೆಚ್ಚು ಹೊತ್ತು ಬಾಳುತ್ತದೆ, ಮತ್ತೊಂದು ಹಗುರ. ನನಗೆ ಹಾಡೂ ಬೇಡ, ಫೋನ್ ಮಾತೂ ಬೇಡ. ಎಲ್ಲಕ್ಕಿಂತ ಗಾಢವಾದ ನಿಶ್ಶಬ್ದ ಯಾವುದು ಕೊಡುತ್ತದೆ, ಅಷ್ಟು ಸಾಕು. ಹೊರಗಿನದು ಪೂರಾ ನಿಂತರೆ ಒಳಗಿನದೂ ನಿಲ್ಲುತ್ತದೆ ಎಂದು ನಾನು ನಂಬಿದ್ದೆ. ಬೆಂಡೋಲೆ ಹಾಕಿದ ಕಿವಿಯ ಮೇಲೆ ಅದು ಹೇಗೆ ಕೂರುತ್ತದೆ ಎಂಬುದನ್ನು ಮಾತ್ರ ಒಬ್ಬರೂ ಬರೆದಿರಲಿಲ್ಲ. ಅದಕ್ಕೇ ಅವ್ವನನ್ನು ಗದಗಿನ ಅಂಗಡಿಗೆ ಕರೆದುಕೊಂಡು ಹೋದೆ.

ಅಂಗಡಿಯವರು ಮೂರನ್ನು ಮುಂದಿಟ್ಟರು. ಮೊದಲನೆಯದು ಬೆಂಡೋಲೆಯನ್ನು ಒತ್ತಿತು. ಎರಡನೆಯದು ತಲೆಯ ಮೇಲಿನ ಸೆರಗಿನಿಂದ ಜಾರಿತು. ಅವ್ವ ಕನ್ನಡಿ ನೋಡಿ ನಕ್ಕಳು.

"ಕಾರಹುಣ್ಣಿಮಿ ಎತ್ತಿನಂಗ ಸಿಂಗಾರ ಮಾಡಾಕತ್ತಿರಲ್ಲೋ ಯಪ್ಪಾ!"

"ಎತ್ತಿಗೆ ಇಷ್ಟ ತುಟ್ಟೀದು ಯಾರೂ ಹಾಕಂಗಿಲ್ಲ ಬಿಡ್ರಬೇ" ಎಂದರು ಅಂಗಡಿಯವರು.

ಮೂರನೆಯದನ್ನು ಅವರೇ ತಲೆಗಿಟ್ಟು ಗುಂಡಿ ಒತ್ತಿದರು. ನಾನು ಓದಿ ಓದಿ ಮೊದಲೇ ಮನಸ್ಸಿನಲ್ಲಿ ಆರಿಸಿದ್ದು ಅದನ್ನೇ. ಅವ್ವನ ನಗು ನಿಂತಿತು. ಕಣ್ಣು ಮುಚ್ಚಿದಳು. ಕೌಂಟರಿನ ಮೇಲಿದ್ದ ಅವಳ ಬೆರಳುಗಳು ಒಂದೇ ಲಯದಲ್ಲಿ ಆಡತೊಡಗಿದವು. ನಾನು ಒಂದು ಕಡೆಯದನ್ನು ಮೆಲ್ಲಗೆ ಎತ್ತಿ ಕೇಳಿದೆ:

"ನಿಂತತೇನಬೇ?"

ಅವ್ವ ನನ್ನ ಮುಖವನ್ನೇ ನೋಡಿದಳು. "ನಿಂತತವ್ವಾ. ಭಾಳ ಛಲೋ ಐತಿ. ಇದನ್ನ ತಗೋ."

ಅಂಗಡಿಯಲ್ಲೇ ನನಗೆ ಅಳು ಬಂತು. ಓದಿದ್ದು ಸಾರ್ಥಕವಾಯಿತು ಅನ್ನಿಸಿತು.

ದಿನಾ ಸಂಜೆ ನಾನು ಬರುವ ಹೊತ್ತಿಗೆ ಅವ್ವ ಅದನ್ನು ಹಾಕಿಕೊಂಡು ಕೂತಿರುತ್ತಿದ್ದಳು. ಒಂದು ಶನಿವಾರ, ಬೆಳಗಿನ ಶಾಲೆ ಮುಗಿಸಿ ಮಧ್ಯಾಹ್ನಕ್ಕೇ ಬಂದೆ. ಬಾಗಿಲಿಗೆ ಬರೀ ಚಿಲಕ. ಹೆಡ್‌ಫೋನ್ ಡಬ್ಬಿಯಲ್ಲೇ ಇತ್ತು. ಹಿಂದಿನ ಓಣಿಯಲ್ಲಿ ನೇಕಾರ ಕಾಕಾನ ಮಗ್ಗಗಳು ಇನ್ನೂ ನಡೆಯುತ್ತವೆ. ಹೋಗಿ ನೋಡಿದರೆ ಅವ್ವ ಅಲ್ಲಿ, ನೂಲಿನ ಚೀಲಕ್ಕೆ ಒರಗಿ ನಿದ್ದೆ ಹೋಗಿದ್ದಾಳೆ. ಆ ಸದ್ದಿನಲ್ಲಿ, ಬಾಯಿ ತೆರೆದುಕೊಂಡು, ಮಗುವಿನ ಹಾಗೆ.

ನನ್ನನ್ನು ಕಂಡು ಕಾಕಾ ಮರ್ಯಾದೆಗೆ ಮಗ್ಗ ನಿಲ್ಲಿಸಿದರು. ಕೂಡಲೇ ಅವ್ವ ಎಚ್ಚೆತ್ತು, ಮುಖ ಕಿವುಚಿ, ಎರಡೂ ಕಿವಿಗೆ ಕೈ ಒತ್ತಿಕೊಂಡಳು.

"ದಿನಾ ಬರ್ತಾಳವಾ" ಎಂದರು ಕಾಕಾ, ತಪ್ಪು ತಮ್ಮದೇ ಎನ್ನುವಂತೆ.

"ಸಿಟ್ಟಾಗಬ್ಯಾಡ" ಎಂದಳು ಅವ್ವ. "ಅದನ್ನ ಹಾಕ್ಕೊಂಡ್ರ ಹೊರಗಿಂದೆಲ್ಲಾ ನಿಲ್ಲತೈತಿ, ಕಿವ್ಯಾಗಿಂದು ಒಂದ ಉಳೀತೈತಿ. ಒದರತೈತಿ. ಇಲ್ಲಿ ಕುಂತ್ರ ಈ ಮಗ್ಗದಾಗ ಆ ಮಗ್ಗ ಮುಳಗತೈತಿ."

"ಅಂಗಡ್ಯಾಗ ಯಾಕ ಹೇಳ್ಲಿಲ್ಲಬೇ?"

"ನೀ ಅಷ್ಟು ಓದಿ ಆರಿಸಿದ್ದಿ. ನಿನ್ನ ಮಾರಿ ನೋಡಿ ಹೆಂಗ ಹೇಳ್ಲಿ?"

ಅವಳ ಕೈ ಇನ್ನೂ ಕಿವಿಯ ಮೇಲೇ ಇತ್ತು.

"ಚಾಲೂ ಮಾಡ್ರಿ ಕಾಕಾ" ಎಂದೆ.

ಮಗ್ಗ ಶುರುವಾಯಿತು. ಅವ್ವನ ಕೈ ಇಳಿಯಿತು, ಹುಬ್ಬು ಸಡಿಲಾಯಿತು. ನಾನು ಅವಳ ಪಕ್ಕದಲ್ಲಿ ಕೂತೆ. "ತಪ್ಪಾತಬೇ" ಎಂದು ಅವಳಿಗೆ ಹೇಳಬೇಕೆನಿಸಿತು. ಹೇಳಬೇಕೆಂದರೆ ಮಗ್ಗ ನಿಲ್ಲಿಸಬೇಕಿತ್ತು.